ಬಾನೆಟ್ ಮೇಲೆ ಕಾಯಿ ಬಿದ್ದರೆ ಫಲವೇನು?

ನಿನ್ನೆ ರಾತ್ರಿ ಕ್ರಿಕೆಟ್ ಪಂದ್ಯ ಮುಗಿಯುವಷ್ಟರಲ್ಲಿ ನಮ್ಮ ಮನೆಯ ಟೀವಿಯಲ್ಲಿ ಒಂದು ಕಾರು ಹದಿನೇಳು ಸಲ ಗೋಡೆಗೆ ಗುದ್ದಿತು. ಎಣಿಸಿದ್ದೇನೆ. ಹದಿನೇಳು ಸಲವೂ ಅದರ ಯಜಮಾನ ಕೆಳಗಿಳಿದು, ಜಜ್ಜಿಹೋದ ಮೂತಿ ನೋಡಿ, ಮೊಬೈಲ್ ತೆಗೆದು ಒಂದು ಗುಂಡಿ ಒತ್ತಿ, ಸೊಂಟ ಕುಣಿಸಿದ. ಹದಿನೇಳು ಸಲವೂ ನಮ್ಮ ಅಪ್ಪ ನಕ್ಕರು. ಆ ವಿಮಾ ಕಂಪನಿಗೆ ಎಂಟು ವರ್ಷದಿಂದ ಕಂತು ಕಟ್ಟುತ್ತಿರುವವನು ನಾನು. ನನ್ನ ಕಾರಿನ ಬಾನೆಟ್ ಜಜ್ಜಿಹೋಗಿ ನಿನ್ನೆಗೆ ಇಪ್ಪತ್ತಾರು ದಿನ. ಸೊಂಟ ಕುಣಿಸುವ ಪ್ರಸಂಗ ಇನ್ನೂ ಬಂದಿಲ್ಲ.

ಅಪ್ಪನ ಅಭ್ಯಾಸ ಸ್ವಲ್ಪ ಹೇಳಬೇಕು. ಲೋಕದಲ್ಲಿ ಎಲ್ಲರೂ ಜಾಹೀರಾತು ಬಂದಾಗ ಟೀವಿಯ ಸದ್ದಡಗಿಸಿ, ಆಟ ಬಂದಾಗ ಏರಿಸುತ್ತಾರೆ. ಅಪ್ಪನದು ತಿರುವುಮುರುವು. ‘ಆಟದಲ್ಲಿ ಕೇಳುವುದಕ್ಕೇನಿದೆ? ಬ್ಯಾಟು ಬೀಸಿದ್ದು ಕಣ್ಣಿಗೇ ಕಾಣುತ್ತದೆ’ ಎನ್ನುತ್ತಾರೆ. ಓವರ್ ಮುಗಿಯುತ್ತಿದ್ದಂತೆ ರಿಮೋಟು ಮೇಲೇಳುತ್ತದೆ, ಗೋಡೆಗೆ ಗುದ್ದುವ ಸದ್ದು ಅಡುಗೆಮನೆಯ ಪಾತ್ರೆಗಳಿಗೂ ಕೇಳುತ್ತದೆ. ಎಚ್‌ಎಂಟಿಯಲ್ಲಿ ಮೂವತ್ತಮೂರು ವರ್ಷ ಗಡಿಯಾರದ ಬಿಡಿಭಾಗಗಳನ್ನು ತಪಾಸಣೆ ಮಾಡಿದ ಕಣ್ಣು ಅವರದು. ಗುದ್ದುವ ಮೊದಲು ಕಾರಿನ ಕನ್ನಡಿಗೆ ಕಟ್ಟಿದ್ದ ನಿಂಬೆಹಣ್ಣು ಗುದ್ದಿದ ಮೇಲೆ ಮಾಯವಾಗಿದೆ ಎಂದು ಮೂರನೆಯ ಓವರಿನಲ್ಲಿಯೇ ಪತ್ತೆ ಹಚ್ಚಿದರು. ಹತ್ತನೆಯ ಓವರಿನ ಹೊತ್ತಿಗೆ ಜಾಹೀರಾತಿನ ಕೊನೆಯ ಮಾತನ್ನು ಅರ್ಧ ಸೆಕೆಂಡ್ ಮೊದಲೇ ತಾವು ಹೇಳಿ, ಟೀವಿಯವನು ಅದನ್ನು ಅನುಮೋದಿಸುವಂತೆ ಮಾಡಿದ್ದರು. ಹಿಂದಿಯಲ್ಲಿ ಆಡಿದ ಬಾಯಿಗೆ ಕನ್ನಡದ ಮಾತು ತುರುಕಿರುವುದರಿಂದ ಆ ಯಜಮಾನ ಬಾಯಿ ಮುಚ್ಚಿದ ಮೇಲೂ ಎರಡು ಪದ ಹೊರಗೆ ಉಳಿದಿರುತ್ತವೆ. ಆ ಎರಡು ಪದಗಳನ್ನೂ ಅಪ್ಪನೇ ಪೂರೈಸುತ್ತಾರೆ.

ಕೊನೆಯಲ್ಲಿ, ಮಂಗಳಾರತಿಗೆ ಹೊತ್ತು ಮೀರಿದ ಪುರೋಹಿತರ ವೇಗದಲ್ಲಿ, ಯಾರೋ ಒಬ್ಬರು ಷರತ್ತುಗಳ ಮಂತ್ರ ಹೇಳಿ ಮುಗಿಸುತ್ತಾರೆ. ಅದರಲ್ಲಿ ನನ್ನ ಕಿವಿಗೆ ಬಿದ್ದದ್ದು ಒಂದೇ ವಾಕ್ಯ: ವಿಮೆಯು ಕೋರಿಕೆಯ ವಿಷಯವಾಗಿದೆ.

‘ನೋಡು, ಅವರು ಮೊದಲೇ ಹೇಳಿದ್ದಾರೆ’ ಎಂದರು ಅಪ್ಪ. ‘ನೀನು ಸರಿಯಾಗಿ ಕೋರಿಕೊಳ್ಳುತ್ತಿಲ್ಲ.’

ನಾನು ಕೋರಿಕೊಂಡ ಕಥೆ ಹೀಗಿದೆ. ಏಪ್ರಿಲ್ ಮೊದಲ ವಾರ, ಮಾವಿನ ಮಳೆಯ ರಾತ್ರಿ. ಹನುಮಂತನಗರದ ನಮ್ಮ ರಸ್ತೆಯಲ್ಲಿ ನನ್ನ ಕಾರಿಗೆ ಇರುವ ಜಾಗವೆಂದರೆ ಪಕ್ಕದ ಮನೆಯ ಕಾಂಪೌಂಡಿಗೆ ಒತ್ತಿಕೊಂಡ ಹದಿನಾಲ್ಕು ಅಡಿ. ಅದನ್ನು ಉಳಿಸಿಕೊಳ್ಳಲು ಎಂಟು ವರ್ಷದಿಂದ ಹೂಕುಂಡ, ಒಡೆದ ಬಕೆಟ್ಟು, ಒಂದು ಕಾಲಿಲ್ಲದ ಸ್ಟೂಲು ಎಲ್ಲವನ್ನೂ ಕಾವಲಿಗೆ ಇಟ್ಟಿದ್ದೇನೆ. ಕಾವಲು ನಾಲ್ಕು ಕಡೆಯಿಂದಲೂ ಭದ್ರ. ಮೇಲುಗಡೆಯಿಂದ ಮಾತ್ರ ಪಕ್ಕದ ಮನೆಯ ಅಜ್ಜಿಯ ತೆಂಗಿನ ಮರ ಬಾಗಿ ನೋಡುತ್ತಿತ್ತು. ‘ಅಜ್ಜಿ, ಕಾಯಿ ಕೀಳಿಸಿಬಿಡಿ’ ಎಂದು ಎರಡು ಸಲ ಹೇಳಿದ್ದೆ. ‘ತೆಂಗಿನಕಾಯಿಗೆ ಕಣ್ಣಿದೆ ಕಣಪ್ಪ, ಅದು ಯಾರ ತಲೆಯ ಮೇಲೂ ಬೀಳುವುದಿಲ್ಲ’ ಎಂದಿದ್ದರು. ಮಾತು ಸುಳ್ಳಾಗಲಿಲ್ಲ. ಬಿದ್ದದ್ದು ಬಾನೆಟ್ಟಿನ ಮೇಲೆ.

ಬೆಳಗ್ಗೆ ನೋಡಿದರೆ ಬಾನೆಟ್ಟಿನ ನಡುವೆ ಒಂದು ಬಾಣಲೆ. ವೈಪರಿನ ಬುಡದ ಪ್ಲಾಸ್ಟಿಕ್ ಹಲಗೆ ಎರಡು ತುಂಡು. ಕಾಯಿಗೆ ಒಂದು ಗೀರೂ ಇಲ್ಲ, ಕಾಂಪೌಂಡಿನ ಪಕ್ಕ ತಣ್ಣಗೆ ಮಲಗಿತ್ತು.

ಜಾಹೀರಾತಿನವನಂತೆ ನಾನೂ ಮೊಬೈಲ್ ತೆಗೆದು ಗುಂಡಿ ಒತ್ತಿದೆ. ‘ಯಾವುದಕ್ಕೆ ಡಿಕ್ಕಿ?’ ಎಂದು ಆ್ಯಪ್ ಕೇಳಿತು. ಆಯ್ಕೆಗಳು ಇದ್ದದ್ದು ವಾಹನ, ಪ್ರಾಣಿ, ಗೋಡೆ, ಮರ. ಇದ್ದುದರಲ್ಲಿ ಸತ್ಯಕ್ಕೆ ಹತ್ತಿರ ಎಂದು ಮರ ಒತ್ತಿದೆ. ‘ಆಗ ನಿಮ್ಮ ವೇಗ ಎಷ್ಟಿತ್ತು?’ ಸೊನ್ನೆ ಬರೆದೆ. ಸೊನ್ನೆ ಸಲ್ಲದು ಎಂದು ಕೆಂಪು ಅಕ್ಷರ ಬಂತು. ಒಂದು ಎಂದು ತಿದ್ದಿದೆ, ಒಪ್ಪಿಕೊಂಡಿತು. ಸಂಜೆ ಒಬ್ಬ ಹುಡುಗಿ ಕರೆ ಮಾಡಿ, ‘ಸರ್, ಗಂಟೆಗೆ ಒಂದು ಕಿಲೋಮೀಟರ್ ವೇಗದಲ್ಲಿ ಹೋಗಿ ಮರಕ್ಕೆ ಗುದ್ದಿದ್ದೀರಾ?’ ಎಂದು ಕೇಳಿದಳು. ‘ಬೆಂಗಳೂರಿನಲ್ಲಿ ಅದಕ್ಕಿಂತ ವೇಗವಾಗಿ ಹೋಗಲು ಜಾಗ ಎಲ್ಲಿದೆಯಮ್ಮ?’ ಎಂದೆ. ಅವಳು ನಗಲಿಲ್ಲ. ನಗಿಸುವ ಕೆಲಸವನ್ನು ಆ ಕಂಪನಿ ಜಾಹೀರಾತು ವಿಭಾಗಕ್ಕೆ ಮಾತ್ರ ಕೊಟ್ಟಿರಬೇಕು.

ಐದನೆಯ ದಿನ ಬೆಳಗ್ಗೆ ಎಂಟೂವರೆಗೆ, ಹಾನಿಯ ಲೆಕ್ಕ ಹಾಕಲು, ಕಂಪನಿಯ ಕಡೆಯ ಸರ್ವೇಯರ್ ಬಂದ. ಸರ್ವೇಯರ್ ಎಂದರೆ ಜಮೀನು ಅಳೆಯುವವರು ಎಂದೇ ತಿಳಿದಿದ್ದ ಅಮ್ಮ ‘ಸರಪಳಿ ಎಲ್ಲಪ್ಪ?’ ಎಂದು ವಿಚಾರಿಸಿದರು. ವೈಟ್‌ಫೀಲ್ಡಿನಿಂದ ಬೈಕಿನಲ್ಲಿ ಎರಡು ಗಂಟೆ ಬಂದ ಹುಡುಗ, ಮುಖವೆಲ್ಲ ಧೂಳು. ಬಾನೆಟ್ಟಿನ ಫೋಟೊ ಎಂಟು ದಿಕ್ಕಿನಿಂದ ತೆಗೆದ. ಮರದ ಫೋಟೊ ತೆಗೆದ. ಮರ ಮತ್ತು ಬಾನೆಟ್ ಒಟ್ಟಿಗೆ ಬರುವಂತೆ, ರಸ್ತೆಯಲ್ಲಿ ಅಂಗಾತ ಮಲಗುವುದೊಂದು ಬಾಕಿ ಎನ್ನುವ ಭಂಗಿಯಲ್ಲಿ, ಇನ್ನೊಂದು ತೆಗೆದ. ಆಮೇಲೆ ಕೇಳಿದ: ‘ಸರ್, ಕಾಯಿ ಎಲ್ಲಿ?’

‘ಯಾವ ಕಾಯಿ?’

‘ಬಿದ್ದ ಕಾಯಿ. ಹಾನಿ ಮಾಡಿದ ವಸ್ತುವಿನ ಫೋಟೊ ಹಾಕಲು ಇಲ್ಲಿ ಒಂದು ಕಲಂ ಇದೆ.’

ನಾನು ಅಪ್ಪನ ಮುಖ ನೋಡಿದೆ. ಅಪ್ಪ ಅಮ್ಮನ ಮುಖ ನೋಡಿದರು. ಅಮ್ಮ ಅಡುಗೆಮನೆಯ ಕಡೆ ನೋಡಿದರು. ಅಲ್ಲಿಂದ ಒಗ್ಗರಣೆಯ ಇಂಗಿನ ವಾಸನೆ ಬರುತ್ತಿತ್ತು.

ಬಾನೆಟ್ ಜಜ್ಜಿದ ದಿನ ಬೆಳಗ್ಗೆ ಅಪ್ಪ ಆ ಕಾಯಿಯನ್ನು ಮನೆಗೆ ತಂದಿದ್ದರು. ಮಧ್ಯಾಹ್ನ ಅಜ್ಜಿ ಬಂದು, ‘ಕಾಯಿ ನಮ್ಮ ಮರದ್ದು, ಕೊಟ್ಟುಬಿಡಿ’ ಎಂದು ಕೇಳಿದ್ದರು. ಬಾನೆಟ್ಟಿನ ಬಗ್ಗೆ ಒಂದು ಮಾತಿಲ್ಲ, ಕಾಯಿಯ ಒಡೆತನದ ಬಗ್ಗೆ ಸಂಶಯವೂ ಇಲ್ಲ. ತೆಂಗಿನಕಾಯಿಯ ಬೆಲೆ ಈಗ ಇರುವುದನ್ನು ನೆನೆದರೆ ಅಜ್ಜಿಯದು ತಪ್ಪಲ್ಲ. ‘ತನಿಖೆ ನಡೆಯುತ್ತಿದೆ’ ಎಂದು ಅಪ್ಪ ಗಂಭೀರವಾಗಿ ಹೇಳಿ ಕಳಿಸಿದ್ದರು. ತನಿಖೆ ನಾಲ್ಕು ದಿನ ಮೊರದಲ್ಲಿ ಕುಳಿತಿತ್ತು. ಐದನೆಯ ದಿನ, ಮನೆಗೆ ಯಾರೋ ಬರುತ್ತಾರಂತೆ ಎಂದು ಅಮ್ಮ ಇಡ್ಲಿಗೆ ಇಟ್ಟು, ಕಾಯಿ ಒಡೆದು ತುರಿದಿದ್ದರು. ಸಾಕ್ಷ್ಯವು ಹುರಿಗಡಲೆ, ಹಸಿಮೆಣಸಿನಕಾಯಿ, ಒಂದು ಹಿಡಿ ಕೊತ್ತಂಬರಿಯ ಜೊತೆ ಸೇರಿ ನುಣ್ಣಗಾಗಿತ್ತು.

‘ಚಿಪ್ಪು ಇದೆ’ ಎಂದರು ಅಮ್ಮ, ಸಮಾಧಾನಕ್ಕೆ.

ಹುಡುಗ ಚಿಪ್ಪಿನ ಎರಡು ಹೋಳುಗಳನ್ನು ಜೋಡಿಸಿ ಹಿಡಿಯಲು ನನಗೆ ಹೇಳಿ ಫೋಟೊ ತೆಗೆದ. ಚಿಪ್ಪಿನ ಗಾತ್ರಕ್ಕೂ ಬಾನೆಟ್ಟಿನ ಬಾಣಲೆಗೂ ಹೊಂದಾಣಿಕೆ ಇಲ್ಲ ಎಂದು ಗೊಣಗಿದ. ಸಿಪ್ಪೆಯ ಸಹಿತ ಬಿದ್ದದ್ದು ಎಂದು ಅಪ್ಪ ವಿವರಿಸಿದರು. ಸಿಪ್ಪೆ ಎಲ್ಲಿ ಎಂದ. ಸಿಪ್ಪೆ ಬಚ್ಚಲ ಒಲೆಗೆ ಹೋಗಿತ್ತು. ಆ ಬಿಸಿನೀರಿನಲ್ಲಿ ನಾನು ಸ್ನಾನವನ್ನೂ ಮಾಡಿದ್ದೆ.

ಅಷ್ಟರಲ್ಲಿ ಅಮ್ಮ ತಟ್ಟೆ ಇಟ್ಟುಬಿಟ್ಟರು. ಬೇಡ ಬೇಡ ಎನ್ನುತ್ತಲೇ ಹುಡುಗ ಕುಳಿತ. ಹೊಟ್ಟೆ ಹಸಿದಿದ್ದವನು, ಪಾಪ, ನಾಲ್ಕು ಇಡ್ಲಿ ತಿಂದ. ಚಟ್ನಿಯನ್ನು ಎರಡು ಸಲ ಹಾಕಿಸಿಕೊಂಡ. ಸಾಕ್ಷ್ಯವನ್ನು ತನಿಖಾಧಿಕಾರಿಯೇ ತಿನ್ನುವುದನ್ನು ಕಣ್ಣಾರೆ ನೋಡುತ್ತ ನಾನು ಸುಮ್ಮನೆ ನಿಂತಿದ್ದೆ. ‘ಚಟ್ನಿ ಬಹಳ ಚೆನ್ನಾಗಿದೆ ಅಮ್ಮ’ ಎಂದ. ‘ಬಲಿತ ಕಾಯಿ ನೋಡಪ್ಪ, ಒಳ್ಳೆಯ ಎತ್ತರದಿಂದ ಬಿದ್ದದ್ದು’ ಎಂದರು ಅಮ್ಮ. ಅವನು ಕೈ ತೊಳೆದು ಹೋದ. ಮೂರನೆಯ ದಿನ ಸಂದೇಶ ಬಂತು: ದಾಖಲೆಗಳು ಅಪೂರ್ಣ.

ಅಮೆರಿಕದಲ್ಲಿರುವ ತಂಗಿಗೆ ಇದನ್ನೆಲ್ಲ ಹೇಳಿಕೊಂಡರೆ ಅವಳು ಸಂತಾಪದ ಬದಲು ಅಲ್ಲಿನ ಕಾರು ವಿಮೆಯ ಜಾಹೀರಾತುಗಳನ್ನು ಕಳಿಸಿದಳು. ಅಲ್ಲಿ ಇದೊಂದು ದೊಡ್ಡ ಉದ್ಯಮ. ಗೈಕೊ ಎಂಬ ಕಂಪನಿ 1936ರಲ್ಲಿ ಸರ್ಕಾರಿ ನೌಕರರಿಗೆ ವಿಮೆ ಮಾಡಿಸಲು ಹುಟ್ಟಿದ್ದು. ಹೆಸರು ಕೇಳಲು ಗೆಕ್ಕೊ, ಅಂದರೆ ಹಲ್ಲಿ, ಎಂದಂತೆ ಇರುವುದರಿಂದ 1999ರಿಂದ ಒಂದು ಹಸಿರು ಹಲ್ಲಿ ಟೀವಿಯಲ್ಲಿ ನಿಂತು ವಿಮೆ ಮಾರುತ್ತಿದೆ. ‘ಗುಹಾಮಾನವನೂ ಮಾಡಬಲ್ಲಷ್ಟು ಸುಲಭ’ ಎಂದು ಅದೇ ಕಂಪನಿ 2004ರಲ್ಲಿ ಗುಹಾಮಾನವರನ್ನು ಕರೆತಂದಿತು. ಅವರು ಎಷ್ಟು ಜನಪ್ರಿಯರಾದರೆಂದರೆ 2007ರಲ್ಲಿ ಅವರದೇ ಧಾರಾವಾಹಿ ಬಂತು. ಆರೇ ಕಂತಿಗೆ ನಿಂತಿತು. ಆರು ಕಂತಿಗೆ ನಿಲ್ಲುವ ಧಾರಾವಾಹಿ ಲೋಕದಲ್ಲಿ ಇದೆ ಎಂಬುದನ್ನು ಅಮ್ಮ ಈಗಲೂ ನಂಬುವುದಿಲ್ಲ. ಆಲ್‌ಸ್ಟೇಟ್ ಎಂಬ ಇನ್ನೊಂದು ಕಂಪನಿಯದು 2010ರಿಂದ ಬರುತ್ತಿರುವ ಜಾಹೀರಾತು: ಡೀನ್ ವಿಂಟರ್ಸ್ ಎಂಬ ನಟ ಸೂಟು ಹಾಕಿಕೊಂಡು, ಗಾಯದ ಪಟ್ಟಿ ಅಂಟಿಸಿಕೊಂಡು, ‘ನಾನೇ ಅನಾಹುತ’ ಎಂದು ಬರುತ್ತಾನೆ. ಅಪ್ಪನಿಗೆ ಅವನು ಬಹಳ ಹಿಡಿಸಿದ. ಆದರೆ ಬೆಂಗಳೂರಿಗೆ ಅವನು ಸಾಲುವುದಿಲ್ಲ ಎಂದರು. ಇಲ್ಲಿ ಅದೇ ವೇಷಕ್ಕೆ ಮ್ಯಾನ್‌ಹೋಲು, ನೀರಿನ ಟ್ಯಾಂಕರು, ಒನ್‌ವೇಯಲ್ಲಿ ಎದುರು ಬರುವ ಸ್ಕೂಟರು ಎಲ್ಲವೂ ಆಗಬೇಕು. ಮನುಷ್ಯಮಾತ್ರದವನಿಗೆ ಬಟ್ಟೆ ಬದಲಿಸಲೂ ಪುರುಸೊತ್ತು ಸಿಗದು.

ಅಮ್ಮನಿಗೆ ಹಿಡಿಸಿದ್ದು ಹಲ್ಲಿ. ನಮ್ಮಲ್ಲಿ ಹಲ್ಲಿ ಲೊಚಗುಟ್ಟಿದರೆ ಮಾತು ಸತ್ಯವೆಂದು ನೆಲ ತಟ್ಟುತ್ತೇವೆ. ಅಂಥ ಪ್ರಾಣಿಯೇ ಬಂದು ವಿಮೆ ಮಾಡಿಸಿ ಎಂದರೆ ಯಾರು ಇಲ್ಲವೆನ್ನುತ್ತಾರೆ? ಅಮ್ಮ ಎದ್ದುಹೋಗಿ ಪಂಚಾಂಗ ತಂದರು. ಹಲ್ಲಿ ತಲೆಯ ಮೇಲೆ ಬಿದ್ದರೆ ಏನು, ಭುಜದ ಮೇಲೆ ಬಿದ್ದರೆ ಏನು ಎಂಬ ಪಟ್ಟಿ ಅದರಲ್ಲಿ ಇದೆಯಲ್ಲ. ನಾನು ನನ್ನ ಪಾಲಿಸಿಯ ಪುಸ್ತಕ ತೆಗೆದೆ. ಅಕ್ಕಪಕ್ಕ ಇಟ್ಟು ನೋಡಿದರೆ ಎರಡೂ ಒಂದೇ ಜಾತಿಯ ಗ್ರಂಥ, ನನ್ನದರ ಅಕ್ಷರ ಇನ್ನೂ ಸಣ್ಣದು, ಅಷ್ಟೆ. ಲೋಹದ ಭಾಗದ ಮೇಲೆ ಬಿದ್ದರೆ, ಕಾರಿಗೆ ಐದು ವರ್ಷ ದಾಟಿದ್ದಲ್ಲಿ, ಶೇ 40ರಷ್ಟು ಸವಕಳಿ, ಅಂದರೆ ಭಾಗ ಹಳತಾಯಿತೆಂದು ಪರಿಹಾರದಲ್ಲಿ ಅಷ್ಟು ಕಡಿತ. ಪ್ಲಾಸ್ಟಿಕ್ ಮೇಲೆ ಬಿದ್ದರೆ ಶೇ 50. ಗಾಜಿನ ಮೇಲೆ ಬಿದ್ದರೆ ಸವಕಳಿ ಇಲ್ಲ, ಪೂರ್ಣ ಫಲ. ಕಾಯಿ ಒಂದೇ ಒಂದು ಗೇಣು ಹಿಂದೆ ಬಿದ್ದಿದ್ದರೆ ಮುಂದಿನ ಗಾಜು ಒಡೆದು ನಾನು ಗೆಲ್ಲುತ್ತಿದ್ದೆ. ಕಣ್ಣಿದ್ದರೆ ಸಾಕೇ, ಪಾಲಿಸಿ ಓದಿರಬೇಡವೇ?

ಇವೆಲ್ಲ ಕಳೆದು ಉಳಿದದ್ದರಲ್ಲಿ ಮೊದಲ ಸಾವಿರ ರೂಪಾಯಿ ನನ್ನದೇ. ಹೋಗಲಿ, ಉಳಿದ ನಾಲ್ಕು ಕಾಸಾದರೂ ಬರಲಿ ಎಂದರೆ, ಐದು ವರ್ಷಕ್ಕೂ ಮೇಲ್ಪಟ್ಟು ಒಂದು ಕ್ಲೇಮೂ ಮಾಡದೆ ತಪಸ್ಸಿನಿಂದ ಗಳಿಸಿದ್ದ ಶೇ 50ರ ನೋ ಕ್ಲೇಮ್ ಬೋನಸ್, ಅಂದರೆ ಕಂತಿನಲ್ಲಿ ಸಿಗುವ ರಿಯಾಯಿತಿ, ಮುಂದಿನ ವರ್ಷ ಸೊನ್ನೆ. ಆ್ಯಪಿಗೆ ಸೊನ್ನೆ ಸಲ್ಲುವುದು ಇಲ್ಲಿ ಮಾತ್ರ. ಇನ್ನೊಂದು ತಮಾಷೆ ಕೇಳಿ. ನಾನೇ ಕಾರು ನುಗ್ಗಿಸಿ ಅಜ್ಜಿಯ ಕಾಂಪೌಂಡನ್ನು ಕೆಡವಿದ್ದರೆ, 1988ರ ಮೋಟಾರು ವಾಹನ ಕಾಯ್ದೆ ಕಡ್ಡಾಯ ಮಾಡಿರುವ ಥರ್ಡ್ ಪಾರ್ಟಿ ವಿಮೆಯಲ್ಲಿ ಅಜ್ಜಿಗೆ 7.5 ಲಕ್ಷ ರೂಪಾಯಿವರೆಗೆ ಪರಿಹಾರ ಸಿಗಬಹುದಿತ್ತು. ಅಜ್ಜಿಯ ಮರ ನನ್ನ ಮೇಲೆ ನುಗ್ಗಿದರೆ ಅಜ್ಜಿಗೆ ಕಾಯಿ ವಾಪಸು ಬೇಕು.

2021ರ ಐಪಿಎಲ್ ಹೊತ್ತಿನಲ್ಲಿ ರಾಹುಲ್ ದ್ರಾವಿಡ್ ಟ್ರಾಫಿಕ್ಕಿನಲ್ಲಿ ಸಿಟ್ಟಾಗಿ, ತಾನು ಇಂದಿರಾನಗರದ ಗೂಂಡಾ ಎಂದು ಕೂಗಿ, ಪಕ್ಕದ ಕಾರಿನ ಕನ್ನಡಿಯನ್ನು ಬ್ಯಾಟಿನಿಂದ ಒಡೆದ ಜಾಹೀರಾತು ಬಂದಿತ್ತಲ್ಲ. ಅದು ವಿಮೆಯದಲ್ಲ, ಕ್ರೆಡಿಟ್ ಕಾರ್ಡಿನ ಬಿಲ್ಲು ಕಟ್ಟುವ ಆ್ಯಪಿನದು. ಆಗ ನಾನೂ ಬಿದ್ದು ಬಿದ್ದು ನಕ್ಕವನೇ. ಮೊನ್ನೆ ಅಪ್ಪ ಅದನ್ನು ಮತ್ತೆ ಹಾಕಿಸಿಕೊಂಡು ನೋಡುವಾಗ ನನಗೆ ಕಂಡದ್ದು ಕನ್ನಡಿ ಮಾತ್ರ. ಒಡೆದ ಗಾಜಿಗೆ ಸವಕಳಿ ಇಲ್ಲ, ಸುತ್ತಲಿನ ಪ್ಲಾಸ್ಟಿಕ್‌ಗೆ ಶೇ 50. ಆದರೆ ‘ಹಾನಿ ಮಾಡಿದ ವಸ್ತು’ ಎಂಬ ಕಲಮಿನಲ್ಲಿ ಆ ಕಾರಿನವನು ಏನು ಬರೆದಿರಬಹುದು? ದ್ರಾವಿಡ್ ಎಂದು ಬರೆದರೆ ಯಾವ ಸರ್ವೇಯರ್ ನಂಬುತ್ತಾನೆ?

ನಗು ಅಪ್ಪನಿಗೆ ಮೊದಲಿನಿಂದಲೂ ಹೀಗೆ ಸುಲಭವಾಗಿ ಬರುತ್ತಿತ್ತೇ ಎಂದು ನೆನಪು ಮಾಡಿಕೊಂಡರೆ, ಇಲ್ಲ. ನನ್ನ ಬಾಲ್ಯದಲ್ಲಿ ಅವರಿಗೆ ಒಂದು ಬಜಾಜ್ ಸ್ಕೂಟರ್ ಇತ್ತು. ಸ್ಟಾರ್ಟ್ ಮಾಡುವ ಮೊದಲು ಅದನ್ನು ಎಡಕ್ಕೆ ಬಾಗಿಸುವುದು ಬೆಳಗಿನ ಸಂಧ್ಯಾವಂದನೆಯ ಭಾಗ. ಒಂದು ಮಳೆಗಾಲ ಸಜ್ಜನ್‌ರಾವ್ ಸರ್ಕಲ್ಲಿನ ಬಳಿ ನಾವಿಬ್ಬರೂ ಜಾರಿಬಿದ್ದಾಗ ಅದರ ಪಕ್ಕೆ ತಗ್ಗಾಯಿತು. ಟಿಂಕರಿಂಗ್ ಶೆಡ್ಡಿನವನು ಸುತ್ತಿಗೆಯಿಂದ ಹತ್ತು ಏಟು ಕೊಟ್ಟು, ಬೇರೆಯೇ ಹಸಿರು ಬಣ್ಣ ಬಳಿದು ಕೊಟ್ಟ. ಅಪ್ಪ ಎರಡು ದಿನ ಯಾರೊಡನೆಯೂ ಮಾತಾಡಲಿಲ್ಲ. ಈಗಿನ ಕಾರೂ ಅವರು ನಿವೃತ್ತಿಯ ಹಣದಲ್ಲಿ ಕೊಂಡದ್ದೇ. ಕಣ್ಣಿನ ತೊಂದರೆ ಶುರುವಾದ ಮೇಲೆ ಕೀಲಿಕೈ ನನಗೆ ಕೊಟ್ಟರು, ಒರೆಸುವ ಬಟ್ಟೆ ಕೊಡಲಿಲ್ಲ. ಕಾರು ಮೈಸೂರು ರಸ್ತೆಯ ಗ್ಯಾರೇಜಿಗೆ ಹೋದ ಮೇಲೂ ಬೆಳಗ್ಗೆ ಆರೂವರೆಗೆ ಒದ್ದೆ ಬಟ್ಟೆ ಹಿಡಿದು ಹೊರಗೆ ಹೋಗುತ್ತಾರೆ. ಖಾಲಿ ಹದಿನಾಲ್ಕು ಅಡಿಯನ್ನು ನೋಡಿ, ಸ್ಟೂಲನ್ನು ಒರೆಸಿ, ಒಳಗೆ ಬರುತ್ತಾರೆ. ನಾನು ಕಿಟಕಿಯಿಂದ ನೋಡಿದ್ದು ಅವರಿಗೆ ಗೊತ್ತಿಲ್ಲ.

ಮೊನ್ನೆ ಮಧ್ಯಾಹ್ನ ಮರದಿಂದ ಇನ್ನೊಂದು ಕಾಯಿ ಬಿತ್ತು. ಕಾರಿಲ್ಲದ ಜಾಗದಲ್ಲಿ, ನೇರ ನೆಲಕ್ಕೆ. ಅಪ್ಪ ಅದನ್ನು ಎತ್ತಿಕೊಂಡು ಬಂದು, ಸಿಪ್ಪೆಯ ಮೇಲೆ ಸ್ಕೆಚ್ ಪೆನ್ನಿನಿಂದ ದಿನಾಂಕ, ಗಂಟೆ ಬರೆದು, ಷೋಕೇಸಿನಲ್ಲಿ ತಮ್ಮ ಎಚ್‌ಎಂಟಿ ಗಡಿಯಾರದ ಪಕ್ಕ ಇಟ್ಟಿದ್ದಾರೆ. ಅಮ್ಮ ಮುಟ್ಟುವಂತಿಲ್ಲ. ಸಾಯಂಕಾಲ ಅಜ್ಜಿ ಕಾಂಪೌಂಡಿನ ಆಚೆಯಿಂದ ಕೇಳಿದರು. ‘ಕೊಡುತ್ತೇನೆ ಅಮ್ಮ, ಕೇಸು ಮುಗಿಯಲಿ’ ಎಂದು ಅಪ್ಪ ಒಳಗಿನಿಂದಲೇ ಕೂಗಿದರು. ಕೂಗಿದ್ದು ಅಜ್ಜಿಗೆ ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. ಅಷ್ಟರಲ್ಲಿ ಓವರ್ ಮುಗಿದು, ಟೀವಿಯ ಸದ್ದು ಏರಿತ್ತು.