ಒಂದು ಸವರನ್‌ಗಿಂತ ಸ್ವಲ್ಪ ಜಾಸ್ತಿ

ಮಗಳಿಗೆ ಶಾಲೆಯಲ್ಲಿ ಒಂದು ಚಾರ್ಟ್ ಮಾಡಿಕೊಂಡು ಬರಲು ಹೇಳಿದ್ದರು. ನೆಲದೊಳಗೆ ಬದುಕುವ ಒಂದು ಪ್ರಾಣಿ, ಅದರ ಉದ್ದ, ತೂಕ, ಆಯಸ್ಸು, ಪಕ್ಕದಲ್ಲಿ ಒಂದು ಚಿತ್ರ. ಅಷ್ಟೇ. ಇವಳ ಪಾಲಿಗೆ ಬಂದಿದ್ದು ಮೋಲ್. ನಾನು ಕಿವಿಗೊಡದೆ ಮೊಲದ ಚಿತ್ರ ಹುಡುಕಿಕೊಟ್ಟೆ. "ಮೊಲ ಅಲ್ಲ ಅಪ್ಪಾ, ಮೋಲ್. ಕನ್ನಡದಲ್ಲಿ ಏನಂತಾರೆ?" ಅಂದಳು.

ನನಗೆ ಗೊತ್ತಿರಲಿಲ್ಲ. ಹನುಮಂತನಗರದ ನಮ್ಮ ಬೀದಿಯಲ್ಲಿ ಕೇಳಿದೆ. ಒಬ್ಬರು ಹೆಗ್ಗಣ ಅಂದರು. ಇನ್ನೊಬ್ಬರು ಮಚ್ಚೆ ಅಂದರು. ತಪ್ಪೇನಿಲ್ಲ ಬಿಡಿ, ಫೋನಿನಲ್ಲಿ ಮೋಲ್ ಸೈಜ್ ಅಂತ ಹುಡುಕಿದರೆ ಮೊದಲು ಬರುವವರು ಚರ್ಮದ ಡಾಕ್ಟರುಗಳೇ. ಆಮೇಲೆ ಗೊತ್ತಾಯಿತು, ಈ ಪ್ರಾಣಿ ನಮ್ಮ ಕಡೆ ಇಲ್ಲವೇ ಇಲ್ಲ. ನಮ್ಮ ದೇಶದಲ್ಲಿ ಮೋಲ್ ಇರುವುದು ಅಸ್ಸಾಂ, ಡಾರ್ಜಿಲಿಂಗ್ ಕಡೆ. ಕಣ್ಣಿಗೇ ಬೀಳದ ಪ್ರಾಣಿಗೆ ನಮ್ಮಜ್ಜಿ ಯಾಕೆ ಹೆಸರಿಡುತ್ತಾರೆ?

ಮಗಳು ಆರಿಸಿಕೊಂಡಿದ್ದು ಅಮೆರಿಕದ ಪಶ್ಚಿಮ ಕರಾವಳಿಯ ಶ್ರೂ ಮೋಲ್. ಆ ಖಂಡದ ಮೋಲ್‌ಗಳಲ್ಲೇ ಅತಿ ಚಿಕ್ಕದು. ಮೂಗಿನಿಂದ ಬಾಲದ ತುದಿವರೆಗೆ 10ರಿಂದ 13 ಸೆಂಟಿಮೀಟರ್. ಅದರಲ್ಲೂ ಸುಮಾರು ಮೂರನೇ ಒಂದು ಭಾಗ ಬಾಲವೇ. ತೂಕ ಸುಮಾರು 10 ಗ್ರಾಂ. ಹತ್ತು ಗ್ರಾಂ ಎಷ್ಟು ಅಂತ ಬೆಂಗಳೂರಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ, ದಿನಾ ಟೀವಿಯವರು ಚಿನ್ನದ ರೇಟು ಹೇಳುವುದೇ ಅದರಲ್ಲಿ. "ಒಂದು ಸವರನ್‌ಗಿಂತ ಸ್ವಲ್ಪ ಜಾಸ್ತಿ" ಅಂದಳು ನನ್ನ ಹೆಂಡತಿ. ಸವರನ್ ಅಂದರೆ 8 ಗ್ರಾಂ. ಮಗಳು ಚಾರ್ಟಿನಲ್ಲಿ ಹಾಗೇ ಬರೆದಳು.

ಆಯಸ್ಸಿನ ವಿಷಯಕ್ಕೆ ಬಂದಾಗ ನನಗೇ ಕುತೂಹಲ ಹತ್ತಿತು. ಯುರೋಪಿನ ತೋಟಗಳಲ್ಲಿ ಮಣ್ಣು ಗುಡ್ಡೆ ಹಾಕುವ ಮೋಲ್ ನೂರು ಗ್ರಾಂ ಆಸುಪಾಸು ತೂಗುತ್ತದೆ. ಬಹಳಷ್ಟು ಮೂರು ವರ್ಷ ಬದುಕಿದರೆ ಹೆಚ್ಚು, ಗಟ್ಟಿಯಾಗಿದ್ದರೆ ಆರು. ಸಣ್ಣ ಮೈಯಲ್ಲಿ ಬಿಸಿ ನಿಲ್ಲುವುದಿಲ್ಲ. ಒಲೆಗೆ ಸೌದೆ ಹಾಕಿದಂತೆ ತಿನ್ನುತ್ತಲೇ ಇರಬೇಕು, ಎದೆ ಓಡುತ್ತಲೇ ಇರಬೇಕು. ಚಿಕ್ಕದಾದಷ್ಟೂ ಬೇಗ ಮುಗಿಯುತ್ತದೆ ಅಂತ ಲೆಕ್ಕ ಹಾಕಿಕೊಂಡೆ. ಅಷ್ಟರಲ್ಲಿ ಆಫ್ರಿಕಾದ ಮೋಲ್ ರ್‍ಯಾಟ್ ಸಿಕ್ಕಿತು. ಮೈಮೇಲೆ ಕೂದಲೇ ಇಲ್ಲದಂತಿರುವ, ಸುಕ್ಕು ಚರ್ಮದ, ಹಲ್ಲು ಹೊರಗಿರುವ ಕುರೂಪಿ. ತೂಕ 35 ಗ್ರಾಂ ಇದ್ದೀತು. ಬದುಕುವುದು 30 ವರ್ಷಕ್ಕೂ ಜಾಸ್ತಿ! ಹೆಸರಲ್ಲಿ ಮೋಲ್ ಇದೆ, ಆದರೆ ಅದು ಮೋಲ್ ಅಲ್ಲ. ಇಲಿ, ಅಳಿಲುಗಳ ಬಳಗದ್ದು.

ಅದೇ ವಾರ ನಮ್ಮ ಮನೆಯಲ್ಲಿ ಇನ್ನೊಂದು ಹೆಸರಿನ ಎಡವಟ್ಟಾಯಿತು. ರಾತ್ರಿ ಅಡುಗೆಮನೆಯಲ್ಲಿ ಚಿಕ್ ಚಿಕ್ ಸದ್ದು, ಒಂದು ಥರ ನಾತ. ಇಲಿ ಅಂದುಕೊಂಡು ಅಂಗಡಿಯಿಂದ ಗಮ್ ಪ್ಯಾಡ್ ತಂದು ಫ್ರಿಜ್ ಪಕ್ಕ ಗೋಡೆಗೆ ತಾಗಿಸಿ ಇಟ್ಟೆ. ಬೆಳಿಗ್ಗೆ ಮಗಳೇ ಮೊದಲು ನೋಡಿದ್ದು. ಉದ್ದ ಮೂತಿ, ಎಳ್ಳು ಕಾಳಿನಂಥ ಕಣ್ಣು, ಬೂದು ಮೈ. ಒಂದು ಪಕ್ಕ ಪೂರ್ತಿ ಅಂಟಿಗೆ ಮೆತ್ತಿಕೊಂಡಿತ್ತು. ಇನ್ನೂ ಉಸಿರಾಡುತ್ತಿತ್ತು. ಅಡುಗೆ ಎಣ್ಣೆ ಸುರಿದರೆ ಅಂಟು ಬಿಡುತ್ತದೆ ಅಂತ ಗೊತ್ತಿತ್ತು. ಎಣ್ಣೆ ಸುರಿದು, ದಪ್ಪ ಕೈಗವಸು ಹುಡುಕಿ ಹಾಕಿಕೊಂಡು ಬರುವಷ್ಟರಲ್ಲಿ ಮುಗಿದಿತ್ತು.

ಪಕ್ಕದ ಮನೆ ಮಾಮಿ ಬಗ್ಗಿ ನೋಡಿ, "ಅಯ್ಯೋ, ಮೂಂಜೂರು! ಪಿಳ್ಳೆಯಾರ್ ವಾಹನ ರೀ ಅದು, ಯಾಕೆ ಹಿಡಿಯೋಕ್ ಹೋದ್ರಿ?" ಅಂದರು. ಪಿಳ್ಳೆಯಾರ್ ಅಂದರೆ ಗಣಪ. ತಮಿಳಿನಲ್ಲಿ ಈ ಪ್ರಾಣಿಗೆ ಬೇರೆಯದೇ ಹೆಸರು. ನಾವು ಮೂಗಿಲಿ ಅಂತೀವಿ. ಕೆಲವರು ಸುಂಡಿಲಿ ಅಂತಾರೆ, ಆದರೆ ಆ ಹೆಸರಿನಲ್ಲಿ ಚಿಕ್ಕ ಇಲಿಯನ್ನೂ ಕರೀತಾರೆ. ಅಲ್ಲಿಗೆ ಕಥೆ ಮುಗಿಯಿತು. ಇಲಿ ಅಂದಮೇಲೆ ಪಾಷಾಣ, ಬೋನು, ಗಮ್ ಪ್ಯಾಡ್ ಎಲ್ಲ ಬಂತಲ್ವಾ.

ಮೂಗಿಲಿ ಇಲಿಯೇ ಅಲ್ಲ. ಅದು ಶ್ರೂ, ಮೋಲ್‌ನ ಹತ್ತಿರದ ನೆಂಟ. ಅಮೆರಿಕದ ಆ ಪುಟಾಣಿಗೆ ಶ್ರೂ ಮೋಲ್ ಅಂತ ಹೆಸರು ಬಂದಿದ್ದೇ ಅದು ನೋಡಲು ಇದರಂತೆ ಇದೆ ಅಂತ. ಮಗಳು ಚಾರ್ಟಿನಲ್ಲಿ ಬಿಡಿಸುತ್ತಿದ್ದ ಪ್ರಾಣಿಯ ಬಳಗವನ್ನೇ ನಾನು ಅಂಟಿಸಿ ಕೊಂದಿದ್ದೆ. ನಮ್ಮ ಮನೆಗಳ ಮೂಗಿಲಿ 50ರಿಂದ 100 ಗ್ರಾಂ ತೂಗುತ್ತದೆ, ಎರಡು ವರ್ಷ ಬದುಕಿದರೆ ಹೆಚ್ಚು. ಅದಕ್ಕೆ ನಿಮ್ಮ ಅಕ್ಕಿ ಮೂಟೆಗಿಂತ ಜಿರಳೆ ಮುಖ್ಯ. ಕಣ್ಣು ಮಂದ, ಹಾಗಾಗಿ ಗೋಡೆ ಹಿಡಿದೇ ನಡೆಯುತ್ತದೆ. ಗಮ್ ಪ್ಯಾಡನ್ನು ನಾವು ಇಡುವುದೂ ಗೋಡೆ ಪಕ್ಕದಲ್ಲೇ.

ಚಿಕ್ಕವನಿದ್ದಾಗ ಊರಲ್ಲಿ ಒಂದು ಸಲ ಕೊಟ್ಟಿಗೆ ಅಂಚಿನಲ್ಲಿ ಹಗ್ಗವೊಂದು ತಾನಾಗಿ ತೆವಳಿಕೊಂಡು ಹೋಗಿದ್ದು ನೋಡಿದ್ದೆ. ಹಾವು ಅಂತ ಕೂಗಿದೆ. ತಾಯಿ ಮೂಗಿಲಿ ಮುಂದೆ, ಅದರ ಬಾಲದ ಬುಡ ಕಚ್ಚಿಕೊಂಡು ಒಂದು ಮರಿ, ಆ ಮರಿಯ ಹಿಂದೆ ಇನ್ನೊಂದು. ರೈಲಿನ ಹಾಗೆ. ಅಜ್ಜಿ ಪೊರಕೆ ಎತ್ತಲಿಲ್ಲ, ದಾರಿ ಬಿಟ್ಟು ನಿಂತರು.

ಮೂಗಿಲಿಯನ್ನು ಮುದ್ದು ಮಾಡಿ ಅಂತ ನಾನು ಹೇಳುತ್ತಿಲ್ಲ. ನಾತ ನಿಜ, ಕಚ್ಚುವುದೂ ನಿಜ. 1964ರಲ್ಲಿ ವೆಲ್ಲೂರಿನ ತೊಟ್ಟಪಾಳಯಂನಲ್ಲಿ ಹಿಡಿದ ಒಂದು ಮೂಗಿಲಿಯಲ್ಲಿ ಹೊಸ ವೈರಸ್ ಸಿಕ್ಕಿ, ಅದಕ್ಕೆ ಆ ಜಾಗದ ಹೆಸರನ್ನೇ ಇಟ್ಟಿದ್ದಾರೆ. ಬರಿಗೈಲಿ ಮುಟ್ಟಬೇಡಿ. ಮನೆಯೊಳಗೆ ಬೇಡ ಅನ್ನುವವರ ಜೊತೆ ನಾನೂ ಇದ್ದೀನಿ. ಆದರೆ ಬೇಡ ಅನ್ನುವುದಕ್ಕೂ ರಾತ್ರಿಯಿಡೀ ಅಂಟಿನಲ್ಲಿ ನರಳಿಸುವುದಕ್ಕೂ ಏನು ಸಂಬಂಧ? ಇಲಿಗಾದರೂ ಅಷ್ಟೇ, ಅದೊಂದು ಕೊಳಕು ಸಾವು. ಈ ಪ್ಯಾಡುಗಳನ್ನು ಅಂಗಡಿಯಲ್ಲಿ ಬಿಸ್ಕತ್ ಪಕ್ಕ ನೇತುಹಾಕಿ ಮಾರುವುದು ನಿಲ್ಲಬೇಕು ಅನ್ನುವುದು ನನ್ನ ಅಭಿಪ್ರಾಯ. ಬೈಯುವವರು ಬೈಯಿರಿ.

ನಾವು ಮಾಡಿದ್ದು ಇಷ್ಟೇ. ಬಚ್ಚಲ ತೂತಿಗೆ ಸ್ಟೀಲ್ ಜಾಲರಿ, ಹಿಂಬಾಗಿಲ ಕೆಳಗಿನ ಸಂದಿಗೆ ಒಂದು ರಬ್ಬರ್ ಪಟ್ಟಿ. ಆಮೇಲೆ ಒಳಗೆ ಬಂದಿಲ್ಲ. ರಾತ್ರಿ ಹಿತ್ತಲ ಮೋರಿ ಕಡೆಯಿಂದ ಚಿಕ್ ಚಿಕ್ ಕೇಳಿಸುತ್ತದೆ. ಚಾರ್ಟಿನಲ್ಲಿ ಕನ್ನಡ ಹೆಸರು ಅನ್ನುವ ಜಾಗ ಖಾಲಿ ಇತ್ತಲ್ಲ, ಅಲ್ಲಿ ಮಗಳು "ಮೂಗಿಲಿಯ ನೆಂಟ" ಅಂತ ಬರೆದಿದ್ದಳು. ಟೀಚರ್ ಅದರ ಸುತ್ತ ಕೆಂಪು ಇಂಕಿನಲ್ಲಿ ಗೋಲ ಹಾಕಿ ಒಂದು ಪ್ರಶ್ನೆ ಚಿಹ್ನೆ ಇಟ್ಟು ಕಳಿಸಿದ್ದಾರೆ.