ಗೋಳಿ ಪಲ್ಯಾಕ್ಕ ಕಸ ಅಂದ್ರ ನಮ್ಮವ್ವಗ ಸಿಟ್ಟು

ಮಳೆ ಬಿದ್ದು ಎಂಟು ದಿನ ಆಗಿಲ್ಲ, ಅಂಗಳದ ಶಹಾಬಾದ್ ಫರಸಿಯ ಸಂದಿ ಸಂದಿಯಲ್ಲೂ ಗೋಳಿ. ಕೆಂಪು ದಂಟು, ಕಿರುಬೆರಳ ಉಗುರಿನಷ್ಟಗಲದ ದಪ್ಪ ಎಲೆ, ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿರುತ್ತದೆ. ಬೆಂಗಳೂರಿನವರು ಗೋಣಿ ಸೊಪ್ಪು ಅಂತಾರೆ, ನಮ್ಮ ಓಣಿಯ ಉರ್ದು ಮಾತಿನ ಮನೆಗಳಲ್ಲಿ ಕುಲ್ಫಾ. ಕಲಬುರಗಿಯ ಹೊಸ ಬಡಾವಣೆಗಳಲ್ಲಿ ಮಾತ್ರ ಇದಕ್ಕೆ ಹೆಸರೇ ಇಲ್ಲ. ಕಸ, ಅಷ್ಟೇ.

ಎರಡು ವರ್ಷ ನಾನೂ ಹಂಗೇ ಅಂದವನು. ಮೆಂತ್ಯ, ಕೊತ್ತಂಬರಿ ಮಡಿಯಲ್ಲಿ ಬಂದ ಗೋಳಿಯನ್ನು ಕುರ್ಪಿಯಿಂದ ಕಚಕಚ ಕಡಿದು ನಳದ ಪಕ್ಕ ಗುಡ್ಡೆ ಹಾಕಿದೆ. ವಾರಕ್ಕೆ ಆ ಗುಡ್ಡೆಯೇ ಚಿಗುರಿತು! ಕಡಿದ ತುಂಡು ಹಸಿ ನೆಲ ಸಿಕ್ಕರೆ ಬೇರು ಬಿಡುತ್ತದೆ. ಒಂದನ್ನು ಹತ್ತು ಮಾಡಿ ನಾನೇ ನಾಟಿ ಮಾಡಿದ್ದೆ. ಬೇರು ಸಮೇತ ಕಿತ್ತೆಸೆದರೂ ಸುಮ್ಮನಿರುವ ಪೈಕಿ ಅಲ್ಲ. ಹೂವಾಡಿದ್ದರೆ ತನ್ನ ಮೈಯ ನೀರಲ್ಲೇ ಉಸಿರು ಹಿಡಿದು, ಬಿದ್ದಲ್ಲೇ ಕಾಯಿ ಬಲಿಸುತ್ತದೆ. ಆ ಕಾಯಿಯನ್ನು ಒಮ್ಮೆ ಹತ್ತಿರದಿಂದ ನೋಡ್ರಿ, ಪುಟ್ಟ ಗಡಿಗೆಗೆ ಮುಚ್ಚಳ ಇಟ್ಟಂಗಿರುತ್ತದೆ. ಬಲಿತ ಮೇಲೆ ಮುಚ್ಚಳ ಕಳಚಿಕೊಂಡು ಮರಳಿಗಿಂತ ಸಣ್ಣ ಕರಿ ಬೀಜ ಉದುರುತ್ತವೆ. ಒಂದು ಗಿಡಕ್ಕೆ ಸಾವಿರಾರು, ಮಣ್ಣೊಳಗೆ ವರ್ಷಗಟ್ಟಲೆ ಕಾಯುತ್ತವೆ. ಮೊಳೆಯಲು ಬೆಚ್ಚನೆ ನೆಲ, ಬೆಳಕು ಬೇಕು. ನಾವು ಅಗೆದಾಗಲೆಲ್ಲ ಎರಡನ್ನೂ ಒದಗಿಸಿ ಕೊಡುತ್ತೇವೆ.

ಅಂಗಡಿಯವನು "ಒಂದ್ ಸಲ ಸ್ಪ್ರೇ ಹೊಡೀರಿ ಸರ್, ಕ್ಲೀನ್ ಆಗ್ತದ" ಅಂದ. ಕೊತ್ತಂಬರಿ ಮಗ್ಗುಲಲ್ಲಿ ವಿಷ ಹೊಡೆಯಲು ಕೈ ಬರಲಿಲ್ಲ. ಈಗ ನನ್ನ ವಾದ ಇಷ್ಟೇ: ಮನೆಯಂಗಳದ ಗೋಳಿಗೆ ತೊಗರಿ ಬೇಳೆಗಿಂತ ಒಳ್ಳೆ ಕಳೆನಾಶಕ ಇಲ್ಲ. ಹಳದಿ ಹೂ ಕಾಣುವ ಮೊದಲೇ ಕುಡಿ ಚಿವುಟಿ ತಿಂತಾ ಹೋದರೆ ಬೀಜ ಎಲ್ಲಿಂದ ಬರಬೇಕು? ನರ್ಸರಿಯಲ್ಲಿ ದುಡ್ಡು ಕೊಟ್ಟು ಹತ್ತು ಗಂಟೆ ಹೂವಿನ ಕುಂಡ ತರ್ತೀವಲ್ಲ, ಅದು ಇದರ ತಂಗಿ. ತಂಗಿಗೆ ಕುಂಡ, ಅಕ್ಕನಿಗೆ ಕುರ್ಪಿ!

ಇನ್ನು ನಮ್ಮ ಮನೆಯ ಜಗಳ. ಅವ್ವ ಆಳಂದ ಕಡೆಯ ಒಣ ಬೇಸಾಯದ ಊರವಳು. "ಮುಂಜಾನಿ ಹರದ್ರ ಹುಳಿ ಇರ್ತದ, ಸಂಜಿಗಿ ಸಪ್ಪಗಾಗ್ತದ" ಅಂತ ಅವಳ ಹಟ. ಹೆಂಡತಿ ಶಹಾಪುರದವಳು, ನಾರಾಯಣಪುರ ಎಡದಂಡೆ ಕಾಲುವೆಯ ನೀರು ಕಂಡ ಊರು. "ಯಾವಾಗ ಹರದ್ರೂ ಅದೇ ರುಚಿ ಬಿಡ್ರಿ ಅತ್ತಿ" ಅಂತಾಳೆ. ಇಬ್ಬರದೂ ಖರೆ. ನೀರಿದ್ದಾಗ ಗೋಳಿ ಜೋಳ, ಕಬ್ಬಿನ ರೀತಿ ಹಗಲಲ್ಲೇ ಗಾಳಿಯ ಇಂಗಾಲ ಹಿಡಿಯುತ್ತದೆ. ನೀರು ಬತ್ತಿತೋ, ಕಳ್ಳಿಯ ಚಾಳಿ ಕಲಿಯುತ್ತದೆ: ಬಿಸಿಲಿಗೆ ಎಲೆಯ ರಂಧ್ರ ಮುಚ್ಚಿ, ರಾತ್ರಿ ತೆರೆದು, ಹಿಡಿದಿದ್ದನ್ನು ಹುಳಿಯಾಗಿ, ಮ್ಯಾಲಿಕ್ ಆಮ್ಲವಾಗಿ ಕೂಡಿಡುತ್ತದೆ. ಹಗಲಲ್ಲಿ ಆ ಹುಳಿ ಖರ್ಚಾಗುತ್ತದೆ. ಎರಡೂ ವಿದ್ಯೆ ಬಲ್ಲ ಗಿಡಗಳು ಬಹಳ ಇಲ್ಲ. ಕಾಲುವೆ ಬದಿಯ ಗೋಳಿಗೆ ರಾತ್ರಿ ಪಾಳಿ ಮಾಡುವ ಗರಜೇ ಬಿದ್ದಿಲ್ಲ. ಇದನ್ನು ಇಬ್ಬರಿಗೂ ಬಿಡಿಸಿ ಹೇಳಿದೆ. ಅವ್ವ "ನಾ ಹೇಳಿದ್ದೇ ಅಲ್ಲೇನು" ಅಂದಳು, ಹೆಂಡತಿಯೂ ಅದನ್ನೇ ಅಂದಳು.

ಪಲ್ಯಾ ಅವ್ವನ ಲೆಕ್ಕದಲ್ಲೇ ಆಗುತ್ತದೆ. ಬೇಳೆ ಅರೆಬೆಂದಾಗ ಹೆಚ್ಚಿದ ಗೋಳಿ, ಹಸಿಮೆಣಸಿನಕಾಯಿ. ಆಮೇಲೆ ಶೇಂಗಾ ಎಣ್ಣೆಯಲ್ಲಿ ಜಜ್ಜಿದ ಬಳ್ಳೊಳ್ಳಿ ಒಗ್ಗರಣೆ. ಮುಂಜಾನೆಯ ಗೋಳಿಗೆ ಹುಣಸೆ ಬೇಡ. ದಂಟಿನ ಲೋಳೆ ಬೇಳೆಗೆ ಸೇರಿ ಮಂದವಾಗುತ್ತದೆ, ಬಿಸಿ ಜೋಳದ ರೊಟ್ಟಿಗೆ ಅಂಟಿಕೊಳ್ಳುತ್ತದೆ. ಹೊಸದಾಗಿ ಆರಿಸುವವರು ದಂಟು ಮುರಿದು ನೋಡಿ. ಹಾಲು ಬಂದರೆ ಅದು ಗೋಳಿಯಲ್ಲ, ನೆಲಕ್ಕಂಟಿ ಬೆಳೆಯುವ ಬೇರೆ ಹಾಲುಗಿಡ, ಬಿಸಾಕಿ. ಗೋಳಿಯಲ್ಲಿ ಬರೋದು ಬರೀ ನೀರು.

ಒಮೆಗಾ-3 ಇದೆ ಅಂತ ಈಗ ಎಲ್ಲರೂ ಹೇಳ್ತಾರೆ, ಇರೋದೂ ನಿಜ. ಕಿಡ್ನಿಯಲ್ಲಿ ಕಲ್ಲು ಕಟ್ಟಲು ಕಾರಣವಾಗುವ ಆಕ್ಸಲೇಟ್ ಕೂಡ ಜೋರಾಗೇ ಇದೆ, ಅದನ್ನು ಯಾರೂ ಹೇಳೋದಿಲ್ಲ. ಕಿಡ್ನಿ ಕಲ್ಲು ಆದವರು ದೂರ ಇರಬೇಕು. ನಮ್ಮಪ್ಪನಿಗೆ ಎರಡು ಸಲ ಆಗಿದೆ. ಗೋಳಿ ಮಾಡಿದ ದಿನ ಅವರಿಗೆ ಬೇರೆ ಬೇಳೆ. ರೊಟ್ಟಿ ಮುರಿಯುತ್ತಾ ನಮ್ಮ ತಾಟಿನ ಕಡೆ ಒಂದು ನೋಟ ಬಿಡ್ತಾರೆ, ಅವ್ವ ಪಲ್ಯಾದ ಬೋಗಾಣಿಯನ್ನು ಮೆಲ್ಲಗೆ ಆಕಡೆ ಸರಿಸ್ತಾಳೆ.