ಟೋನಿ ಮಾರಿಸನ್ ಆಫೀಸಿಗೆ ಹೋಗುತ್ತಿದ್ದ ವರ್ಷಗಳು

ಅಮೆರಿಕದ ಕಪ್ಪು ಕಾದಂಬರಿಗಾರ್ತಿ ಟೋನಿ ಮಾರಿಸನ್ ಬಗ್ಗೆ ಮಾತು ಬಂದಾಗೆಲ್ಲ ಯಾರಾದರೂ ಒಬ್ಬರು ಅಂದೇ ಅನ್ನುತ್ತಾರೆ: "ಅಷ್ಟು ವರ್ಷ ನೌಕರಿ ಮಾಡದೇ ಇದ್ದಿದ್ದರೆ ಇನ್ನೆಷ್ಟು ಕಾದಂಬರಿ ಬರೆಯುತ್ತಿದ್ದರೋ!" ನಾನು ಇದನ್ನು ಒಪ್ಪುವುದಿಲ್ಲ. ಬೇರೆಯವರ ಬರಹ ತಿದ್ದಿಯೇ ಹೊಟ್ಟೆ ಹೊರೆಯುವವನು ನಾನು, ಆ ಪಕ್ಷಪಾತವೂ ಇದ್ದೀತು.

ಅವರು ಒಹಾಯೊದ ಲೊರೇನ್ ಊರಿನ ವೆಲ್ಡರ್ ಒಬ್ಬರ ಮಗಳು. ಹೊವರ್ಡ್‌ನಲ್ಲಿ (ಹಾರ್ವರ್ಡ್ ಅಲ್ಲ ಮಾರಾಯ್ರೆ, ಇದು ವಾಷಿಂಗ್ಟನ್ನಿನಲ್ಲಿ ಕಪ್ಪು ಜನರಿಗಾಗಿ ಬೆಳೆದ ವಿಶ್ವವಿದ್ಯಾಲಯ) ಓದಿದರು, ಮುಂದೆ ಅಲ್ಲೇ ಏಳು ವರ್ಷ ಪಾಠ ಮಾಡಿದರು. ಮದುವೆ ಮುರಿಯಿತು. ಇಬ್ಬರು ಗಂಡುಮಕ್ಕಳನ್ನು ಕಟ್ಟಿಕೊಂಡು 1965ರಲ್ಲಿ ಸಿರಾಕ್ಯೂಸ್‌ನಲ್ಲಿ ಪಠ್ಯಪುಸ್ತಕ ತಿದ್ದುವ ಕೆಲಸ ಹಿಡಿದರು. ಆಮೇಲೆ ಸಂಪಾದಕಿಯಾಗಿ ನ್ಯೂಯಾರ್ಕಿನ ಪ್ರಕಾಶನ ಸಂಸ್ಥೆ ರ‍್ಯಾಂಡಮ್ ಹೌಸ್.

ಬರವಣಿಗೆ ನಸುಕಿನಲ್ಲಿ, ಮಕ್ಕಳು ಏಳುವ ಮುಂಚೆ. ಒಮ್ಮೆ ಬರೆಯುತ್ತಿದ್ದ ಹಾಳೆಯ ಮೇಲೇ ಮಗು ಕಿತ್ತಳೆ ರಸ ಕಕ್ಕಿತಂತೆ. ಇವರು ಒರೆಸಲಿಲ್ಲ. ಆ ಒದ್ದೆಯನ್ನು ಬಿಟ್ಟು ಅದರ ಸುತ್ತ ಬರೆದರು. ಒರೆಸುವುದು ಆಮೇಲೂ ಆಗುತ್ತದೆ, ವಾಕ್ಯ ಮತ್ತೆ ಸಿಗಬೇಕಲ್ವಾ? ಮೊದಲ ಕಾದಂಬರಿ ಬಂದಿದ್ದು 1970ರಲ್ಲಿ, ಅವರ 39ನೇ ವಯಸ್ಸಿನಲ್ಲಿ.

ಆಫೀಸಿನಲ್ಲಿ ಮಾಡಿದ ಕೆಲಸ ಇನ್ನೂ ದೊಡ್ಡದು. ಕಪ್ಪು ಜನರ ಹಕ್ಕಿಗಾಗಿ ಹೋರಾಡುತ್ತಿದ್ದ ಏಂಜೆಲಾ ಡೇವಿಸ್‌ಗೆ ಆತ್ಮಕಥೆ ಬರೆಯಲು ಮನಸ್ಸಿರಲಿಲ್ಲ. ಬರೆಸಿದವರು ಮಾರಿಸನ್. ಡೇವಿಸ್ ಹೇಳುವ ಪ್ರತಿ ಘಟನೆಗೂ, ಆ ಕೋಣೆಯಲ್ಲಿ ಏನೇನಿತ್ತು, ನೋಡಲು ಹೇಗಿತ್ತು ಎಂದು ಬಿಡದೆ ಕೇಳುತ್ತಿದ್ದರಂತೆ. ರಾಜಕೀಯ ಭಾಷಣ ಕಥೆಯಾಗುವುದು ಹೀಗೆ. ಹೆನ್ರಿ ಡೂಮಾಸ್ ಎಂಬ ಕವಿಯನ್ನು 1968ರಲ್ಲಿ ನ್ಯೂಯಾರ್ಕಿನ ಸಬ್‌ವೇ ನಿಲ್ದಾಣದಲ್ಲಿ ಪೊಲೀಸನೊಬ್ಬ ಗುಂಡಿಟ್ಟು ಕೊಂದ. ಆತನಿಗೆ ಆಗ 33 ವರ್ಷ. ಅವನ ಕಥೆ, ಕವಿತೆಗಳನ್ನು ರ‍್ಯಾಂಡಮ್ ಹೌಸ್‌ನಿಂದ ತಂದವರೂ ಇವರೇ.

1974ರಲ್ಲಿ 'ದಿ ಬ್ಲ್ಯಾಕ್ ಬುಕ್' ತಂದರು. ಕಪ್ಪು ಜನರ ಮುನ್ನೂರು ವರ್ಷದ ಬದುಕಿನ ಚೂರುಪಾರುಗಳು ಅದರಲ್ಲಿವೆ. ಹಳೆಯ ಫೋಟೋ, ಪೇಟೆಂಟ್ ಚಿತ್ರ, ಗುಲಾಮರ ಹರಾಜಿನ ಜಾಹೀರಾತು, ಹೀಗೆ ಏನೇನೋ. ಆಗಿನ ಮುಖಪುಟದಲ್ಲಿ ಸಂಗ್ರಾಹಕರ ಹೆಸರಿತ್ತು, ಮಾರಿಸನ್ ಹೆಸರಿರಲಿಲ್ಲ. ನಮ್ಮ ಕಸುಬೇ ಹಾಗೆ ಬಿಡಿ. ಆ ರಾಶಿಯಲ್ಲಿ 1856ರ ಒಂದು ಪತ್ರಿಕಾ ತುಣುಕಿತ್ತು. ಮಾರ್ಗರೆಟ್ ಗಾರ್ನರ್ ಎಂಬ ಹೆಣ್ಣು ಗುಲಾಮಗಿರಿಯಿಂದ ತಪ್ಪಿಸಿಕೊಂಡು ಓಡಿಬಂದಿದ್ದಳು. ಹಿಡಿಯಲು ಬಂದವರ ಕೈಗೆ ಕೊಡಬಾರದೆಂದು ತನ್ನ ಪುಟ್ಟ ಮಗಳನ್ನೇ ಕೊಂದಳು. ಆ ತುಣುಕು ಮಾರಿಸನ್ ತಲೆಯಿಂದ ಹೋಗಲೇ ಇಲ್ಲ. 1983ರಲ್ಲಿ ನೌಕರಿ ಬಿಟ್ಟರು. 1987ರಲ್ಲಿ ಆ ತುಣುಕಿನಿಂದಲೇ ಹುಟ್ಟಿದ ಕಾದಂಬರಿ 'ಬಿಲವೆಡ್' ಬಂತು. ಮುಂದಿನ ವರ್ಷ ಪುಲಿಟ್ಜರ್ ಪ್ರಶಸ್ತಿ, 1993ರಲ್ಲಿ ನೊಬೆಲ್. ಈಗ ಹೇಳಿ, ಆಫೀಸಿನ ವರ್ಷಗಳು ದಂಡವಾ?

1989ರಿಂದ 2006ರವರೆಗೆ ಅಮೆರಿಕದ ಹೆಸರಾಂತ ವಿಶ್ವವಿದ್ಯಾಲಯ ಪ್ರಿನ್ಸ್‌ಟನ್‌ನಲ್ಲಿ ಪಾಠ ಮಾಡಿದರು. ನಿಮಗೆ ಗೊತ್ತಿರುವುದನ್ನೇ ಬರೆಯಿರಿ ಅಂತ ಎಲ್ಲ ಮೇಷ್ಟ್ರೂ ಹೇಳುತ್ತಾರೆ. ಇವರದು ಉಲ್ಟಾ. ನಿಮ್ಮ ಪುಟ್ಟ ಬದುಕು ಬೇಡ, ನೀವು ಕಂಡೇ ಇರದ ಒಬ್ಬರನ್ನು ಊಹಿಸಿ ಅನ್ನುತ್ತಿದ್ದರು. ತಾವೂ ಹಾಗೇ ಮಾಡಿದ್ದರು. ಗಾರ್ನರ್ ಬಗ್ಗೆ ಬೇಕೆಂದೇ ಜಾಸ್ತಿ ಹುಡುಕಲು ಹೋಗಲಿಲ್ಲ. ಆ ತುಣುಕು ಸಾಕಾಗಿತ್ತು.